ಬೆಟ್ಟ ನೋಡಿ ಊರು ಆರಿಸಿ: ಮಕಾರ್ಸ್ಕಾ, ಕೊಟೊರ್, ಕಾರ್ದಮಿಲಿ

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಕಡೆಯಿಂದ ಬರುತ್ತದೆ. "ಮೆಡಿಟರೇನಿಯನ್ ಕಡೆ ಒಂದು ಸಣ್ಣ ಊರು ಹೇಳು ಮಾರಾಯ. ಎದುರಿಗೆ ಸಮುದ್ರ, ಬೆನ್ನಿಗೆ ಬೆಟ್ಟ. ಗಲಾಟೆ ಇರಬಾರದು." ನಾವು ಇರುವುದು ಮ್ಯೂನಿಕ್‌ನಲ್ಲಿ. ನಮಗೆ ಈ ಊರುಗಳು ತೀರಾ ದೂರವಲ್ಲ, ಒಮ್ಮೆ ಕೆಟ್ಟರೆ ಮುಂದಿನ ರಜೆಗೆ ಬೇರೆ ಊರು ನೋಡಿಕೊಂಡರಾಯಿತು. ಬೆಂಗಳೂರಿನಿಂದ ಬರುವವರಿಗೆ ಹಾಗಲ್ಲ. ಅಷ್ಟು ದುಡ್ಡು ಸುರಿದು, ವೀಸಾಕ್ಕೆ ಅಲೆದು ಬಂದು ತಪ್ಪು ಊರಿನಲ್ಲಿ ಏಳು ದಿನ ಕೂತರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ನಾವು ಹೋಗಿ ಇದ್ದು ಬಂದ ಮೂರು ಊರುಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಕ್ರೊಯೇಷಿಯಾದ ಮಕಾರ್ಸ್ಕಾ, ಮಾಂಟೆನೆಗ್ರೊದ ಕೊಟೊರ್, ಗ್ರೀಸಿನ ಕಾರ್ದಮಿಲಿ. ಮೊದಲೆರಡು ಆಡ್ರಿಯಾಟಿಕ್ ತೀರದವು. ಆಡ್ರಿಯಾಟಿಕ್ ಕೂಡ ಮೆಡಿಟರೇನಿಯನ್‌ನ ಒಂದು ಕೈಯೇ, ಹಾಗಾಗಿ ತಕರಾರು ಬೇಡ.

ಫೋಟೋದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ನೀಲಿ ನೀರು, ಕೆಂಪು ಹೆಂಚು, ಹಿಂದೆ ಬೋಳು ಬೋಳು ಬೂದು ಬೆಟ್ಟ. ಎಲ್ಲರೂ ನೀರಿನ ಬಣ್ಣ ನೋಡಿ ಊರು ಆರಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಬೆಟ್ಟ ನೋಡಿ ಆರಿಸಿ ಅನ್ನುತ್ತೇನೆ. ನೀರು ಮೂರೂ ಕಡೆ ಚೆನ್ನಾಗಿದೆ. ಆದರೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಗಾಳಿ ಎಲ್ಲಿಂದ ನುಗ್ಗುತ್ತದೆ, ರೂಮಿಗೆ ಎಷ್ಟು ಮೆಟ್ಟಿಲು ಹತ್ತಬೇಕು, ವಯಸ್ಸಾದವರನ್ನು ಮೇಲಕ್ಕೆ ಕರೆದುಕೊಂಡು ಹೋಗಬಹುದಾ ಇಲ್ಲವಾ, ಇದನ್ನೆಲ್ಲ ತೀರ್ಮಾನ ಮಾಡುವುದು ಬೆಟ್ಟ.

ಅವಸರದಲ್ಲಿ ಇರುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳು, ಅಜ್ಜಿ, ತಾತ ಎಲ್ಲ ಸೇರಿ ಹೋಗುವುದಾದರೆ ಮಕಾರ್ಸ್ಕಾ. ಕೋಟೆ, ಕಲ್ಲು, ಹಳೆಯ ಗಲ್ಲಿಗಳ ಹುಚ್ಚಿದ್ದು, ಈಜದಿದ್ದರೂ ನಡೆಯುತ್ತದೆ ಅನ್ನುವವರಿಗೆ ಕೊಟೊರ್. ಬೆಳಗ್ಗೆ ನಡೆದು, ಮಧ್ಯಾಹ್ನ ಮುಳುಗಿ, ಸಂಜೆ ಸುಮ್ನೆ ಕೂರಬೇಕು ಅನ್ನುವವರಿಗೆ ಕಾರ್ದಮಿಲಿ.

ಮಕಾರ್ಸ್ಕಾದ ಬೆಟ್ಟದ ಹೆಸರು ಬಿಯೊಕೊವೊ. ಅದರ ತುದಿ ಸ್ವೇತಿ ಯುರೆ, 1,762 ಮೀಟರ್. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಚಿಕ್ಕಮಗಳೂರೇ ಸಾವಿರ ಮೀಟರ್ ಮೇಲಿದೆ. ಇಲ್ಲಿ ಲೆಕ್ಕ ಸೊನ್ನೆಯಿಂದ ಶುರು. ಕಾಲು ನೀರಿನಲ್ಲಿ ಇಟ್ಟುಕೊಂಡು ಹಿಂದೆ ತಿರುಗಿದರೆ ಪೂರ್ತಿ ಗೋಡೆ ಕಾಣುತ್ತದೆ. ಕಾರವಾರದಲ್ಲಿ ಬೆಟ್ಟ ಸಮುದ್ರದ ಪಕ್ಕಕ್ಕೆ ಬಂದು ನಿಲ್ಲುವುದನ್ನು ನೋಡಿದವರು ಅದರಿಂದ ಕಾಡನ್ನು ಕಿತ್ತು ಹಾಕಿ, ಎತ್ತರವನ್ನು ಹಲವು ಪಟ್ಟು ಮಾಡಿಕೊಂಡು ನೋಡಿ.

ಈ ಬೆಟ್ಟದ ದೊಡ್ಡ ಗುಣ ಏನೆಂದರೆ ತುದಿಯವರೆಗೆ ರಸ್ತೆ ಇದೆ. ಬಿಯೊಕೊವೊ ನೇಚರ್ ಪಾರ್ಕಿನ ಗೇಟಿನಿಂದ ಸುಮಾರು 23 ಕಿಲೋಮೀಟರ್, ಒಂದೇ ಕಾರು ಹಿಡಿಯುವ ಅಗಲ. ಎದುರಿಗೆ ಕಾರು ಬಂದರೆ ಯಾರಾದರೊಬ್ಬರು ರಿವರ್ಸ್ ತೆಗೆಯಬೇಕು, ಪಕ್ಕದಲ್ಲಿ ಕಣಿವೆ. ಕೊಡಚಾದ್ರಿ ಜೀಪಿನಲ್ಲಿ ಕುಳಿತವರಿಗೆ ಅಷ್ಟೇನೂ ಅನಿಸದು, ಆದರೆ ಓಡಿಸುವುದು ನೀವೇ ಅನ್ನುವುದು ನೆನಪಿರಲಿ. ಒಳಗೆ ಬಿಡುವ ಕಾರುಗಳಿಗೆ ಮಿತಿ ಇದೆ. ಸಮಯ ಆರಿಸಿ ಮೊದಲೇ ಆನ್‌ಲೈನ್ ಟಿಕೆಟ್ ತೆಗೆದುಕೊಳ್ಳಿ, ಆಗಸ್ಟ್‌ನಲ್ಲಿ ಗೇಟಿಗೆ ಹೋಗಿ ನಿಂತರೆ ವಾಪಸ್ ಬರುವುದೇ ಗತಿ. ದಾರಿಯಲ್ಲಿ 1,228 ಮೀಟರ್ ಎತ್ತರದಲ್ಲಿ ಕುದುರೆ ಲಾಳದ ಆಕಾರದ ಗಾಜಿನ ಸೇತುವೆ ಇದೆ, 2020ರಲ್ಲಿ ತೆರೆದದ್ದು. ಅಮ್ಮ ಮೈಸೂರಿನಿಂದ ಬಂದಿದ್ದರು. ಮಂಡಿ ನೋವು, ಆದರೂ ಕಾರಿನಿಂದ ಇಳಿದು ಗಾಜಿನ ಮೇಲೆ ಎರಡು ಹೆಜ್ಜೆ ಇಟ್ಟು, ಕೆಳಗೆ ನೋಡಿ, "ಸಾಕು, ನೋಡಾಯ್ತು" ಅಂದರು. ಅಷ್ಟು ಎತ್ತರವನ್ನು ಮಂಡಿ ನೋವಿನವರಿಗೆ ಇಷ್ಟು ಸುಲಭದಲ್ಲಿ ತೋರಿಸುವ ಕರಾವಳಿ ಊರು ನನಗೆ ಬೇರೆ ಸಿಕ್ಕಿಲ್ಲ. ನಡೆದು ಹತ್ತುವ ದಾರಿಯೂ ಇದೆ. ಮೇಲಿನ ಮಕಾರ್ ಹಳ್ಳಿಯಿಂದ ವೊಶಾತ್ಸ್ ಅನ್ನುವ 1,400 ಮೀಟರಿನ ತುದಿಗೆ ಮೂರು ನಾಲ್ಕು ಗಂಟೆ ಬೇಕು. ನೆರಳಿಲ್ಲ, ನೀರಿಲ್ಲ. ಬೀಚ್ ಚಪ್ಪಲಿಯಲ್ಲಿ ಹತ್ತಿ ಸಿಕ್ಕಿಹಾಕಿಕೊಳ್ಳುವ ಪ್ರವಾಸಿಗರು ಅಲ್ಲಿನ ಪಾರುಗಾಣಿಕಾ ಪಡೆಗೆ ಪ್ರತಿ ಬೇಸಿಗೆಯ ತಲೆನೋವು.

ಕೊಟೊರ್ ಬೇರೆ ಕಥೆ. ಅಲ್ಲಿ ಬೆಟ್ಟ ಊರಿನ ಹಿಂದೆ ಇಲ್ಲ, ಊರಿನ ಸುತ್ತ ಇದೆ. ಸಮುದ್ರ ಒಳಗೆ ನುಗ್ಗಿ ನುಗ್ಗಿ ಕೊನೆಗೆ ಒಂದು ಮೂಲೆಯಲ್ಲಿ ನಿಂತಿದೆ, ಆ ಮೂಲೆಯೇ ಊರು. ಜನ ಇದನ್ನು ಫಿಯರ್ಡ್, ಅಂದರೆ ಹಿಮನದಿ ಕೊರೆದ ಕೊಲ್ಲಿ, ಅನ್ನುತ್ತಾರೆ, ನಿಜಕ್ಕೂ ಇದು ಮುಳುಗಿಹೋದ ನದಿ ಕಣಿವೆ. ಕೋಟೆ ಗೋಡೆ ಊರನ್ನು ಸುತ್ತಿಕೊಂಡು ಹಾಗೇ ಬೆಟ್ಟ ಹತ್ತಿಬಿಟ್ಟಿದೆ, ಒಟ್ಟು ನಾಲ್ಕೂವರೆ ಕಿಲೋಮೀಟರ್. ರಾತ್ರಿ ದೀಪ ಹಾಕಿದಾಗ ಬೆಟ್ಟದ ಕುತ್ತಿಗೆಗೆ ಹಳದಿ ಸರ ಹಾಕಿದ ಹಾಗೆ ಕಾಣುತ್ತದೆ, ಕೆಳಗಿನ ನೀರಿನಲ್ಲಿ ಇನ್ನೊಂದು ಸರ.

ಮೇಲಿನ ಕೋಟೆಗೆ ಸುಮಾರು 1,350 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು "ಇದೇನು ಮಹಾ" ಅನ್ನಬಹುದು. ನಾನೂ ಅಂದಿದ್ದೆ. ಚಾಮುಂಡಿ ಬೆಟ್ಟದಲ್ಲಿ ಮರ ಇದೆ, ಅರ್ಧದಲ್ಲಿ ನಂದಿ ಇದೆ, ಪಕ್ಕದಲ್ಲಿ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರಿದ್ದಾರೆ, ಅವರನ್ನು ನೋಡಿದರೆ ನಮ್ಮ ಸುಸ್ತು ಹೇಳಿಕೊಳ್ಳಲು ನಾಚಿಕೆ. ಇಲ್ಲಿ ಅರ್ಧದಲ್ಲಿ ಒಂದು ಪುಟ್ಟ ಚರ್ಚು, ಬಿಟ್ಟರೆ ಬರೀ ಕಲ್ಲು. ಶತಮಾನಗಳಿಂದ ತುಳಿದು ತುಳಿದು ಮೆಟ್ಟಿಲಿನ ಅಂಚು ಸೋಪು ಹಚ್ಚಿದ ಹಾಗೆ ನುಣುಪಾಗಿದೆ. ಮಗಳು ಎರಡು ಸಲ ಜಾರಿದಳು. ಟಿಕೆಟ್ ಅಗ್ಗವೇನಲ್ಲ. ಬೆಳಗ್ಗೆ ಏಳರ ಹೊತ್ತಿಗೆ ಹತ್ತಲು ಶುರು ಮಾಡಿ. ಒಂಬತ್ತಕ್ಕೆ ಕಲ್ಲು ಕಾಯುತ್ತದೆ, ಜೊತೆಗೆ ಹಡಗು ಬರುತ್ತದೆ.

ಹಡಗಿನ ವಿಷಯ ಹೇಳಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಆ ಸಣ್ಣ ಕೊಲ್ಲಿಯೊಳಗೆ ಬಂದು ಊರಿನ ಬಾಗಿಲಿಗೇ ನಿಲ್ಲುತ್ತವೆ. ಹಡಗು ಕೋಟೆ ಗೋಡೆಗಿಂತ ಎತ್ತರ. ಹತ್ತು ಗಂಟೆಗೆ ಗಲ್ಲಿಗಳಲ್ಲಿ ಜಾತ್ರೆ, ಹಾದಿಯಲ್ಲಿ ಮಲಗಿದ್ದ ಬೆಕ್ಕುಗಳೂ ಎದ್ದು ಕಿಟಕಿ ಹತ್ತುತ್ತವೆ. ಸಂಜೆ ಹಡಗು ಹೊರಟ ಮೇಲೆ ಊರು ಮತ್ತೆ ಊರಾಗುತ್ತದೆ. ಅದಕ್ಕೇ ಕೊಟೊರ್‌ಗೆ ಹಗಲು ಬಂದು ಹೋಗುವವರು "ಏನಿಲ್ಲ, ಬರೀ ರಶ್ಶು" ಅನ್ನುತ್ತಾರೆ, ಎರಡು ರಾತ್ರಿ ಉಳಿದವರು ಅದನ್ನೇ ಕನಸಿನಲ್ಲಿ ಕಾಣುತ್ತಾರೆ. 1979ರ ಏಪ್ರಿಲ್ 15ರಂದು ದೊಡ್ಡ ಭೂಕಂಪ ಆಗಿ ಈ ಊರು ಜರ್ಝರಿತವಾಗಿತ್ತು. ಅದೇ ವರ್ಷ ಯುನೆಸ್ಕೊ ಪಟ್ಟಿಗೆ ಸೇರಿತು. ಈಗ ಕಾಣುವುದರಲ್ಲಿ ಎಷ್ಟೋ ಭಾಗ ಆಮೇಲೆ ತಾಳ್ಮೆಯಿಂದ ಕಟ್ಟಿ ನಿಲ್ಲಿಸಿದ್ದು.

ಊರಿನ ಮೇಲಿನ ಲೊವ್ಚೆನ್ ಬೆಟ್ಟಕ್ಕೆ ಹೋಗಲು ಎರಡು ದಾರಿ. ಒಂದು, ಆಸ್ಟ್ರಿಯಾ-ಹಂಗೇರಿ ಕಾಲದ ಹಳೆಯ ರಸ್ತೆ, 25 ಹೇರ್‌ಪಿನ್ ತಿರುವು. ಆಗುಂಬೆಯಲ್ಲಿ ಇರುವುದು 14. ಇನ್ನೊಂದು, 2023ರಲ್ಲಿ ಶುರುವಾದ ಕೇಬಲ್ ಕಾರ್, ಹನ್ನೊಂದು ನಿಮಿಷದ ಪಯಣ. ಅದರ ಕೆಳಗಿನ ನಿಲ್ದಾಣ ಹಳೆಯ ಊರಿನಲ್ಲಿ ಇಲ್ಲ, ಸ್ವಲ್ಪ ದೂರದ ದುಬ್ ಅನ್ನುವ ಕಡೆ ಇದೆ. ಆದರೂ ನನ್ನ ಓಟು ರಸ್ತೆಗೆ. ಆ ದಾರಿಯಲ್ಲಿ ನ್ಯೆಗುಶಿ ಹಳ್ಳಿ ಸಿಗುತ್ತದೆ, ಹಾಗೇ ಮುಂದೆ ಹೋದರೆ 1,657 ಮೀಟರ್ ಎತ್ತರದಲ್ಲಿ ನ್ಯೆಗೊಶ್ ಅನ್ನುವ ಕವಿಯ ಸಮಾಧಿ. ಆತ ಬಿಷಪ್ಪೂ ಹೌದು, ಆ ನಾಡಿನ ದೊರೆಯೂ ಹೌದು. ಕೊನೆಗೆ 461 ಮೆಟ್ಟಿಲು ಹತ್ತಬೇಕು. ಕುಪ್ಪಳಿಯ ಕವಿಶೈಲದಲ್ಲಿ ನಿಂತು ಸುಮ್ಮನಾದವರಿಗೆ ಇಲ್ಲಿ ಹೊಸದಾಗಿ ಏನೂ ವಿವರಿಸಬೇಕಿಲ್ಲ. ಮೆಟ್ಟಿಲು ಮಾತ್ರ ಜಾಸ್ತಿ.

ಕಾರ್ದಮಿಲಿ ನೋಡಿ, ಅದು ಊರು ಅನ್ನುವುದಕ್ಕಿಂತ ಒಂದು ಬೀದಿ. ಗ್ರೀಸಿನ ಪೆಲೊಪೊನೀಸ್‌ನ ದಕ್ಷಿಣದಲ್ಲಿ ಮೂರು ಬೆರಳು ಸಮುದ್ರಕ್ಕೆ ಚಾಚಿವೆ. ನಡುವಿನ ಬೆರಳು ಮಾನಿ. ಅದರ ಪಶ್ಚಿಮ ಅಂಚಿನಲ್ಲಿ ಈ ಊರು. ಹಿಂದೆ ತಾಯ್ಗೆತೊಸ್ ಬೆಟ್ಟಸಾಲು, ತುದಿ 2,400 ಮೀಟರ್ ದಾಟುತ್ತದೆ. ಮೂರರಲ್ಲಿ ಇದೇ ಎತ್ತರ, ಆದರೆ ಇದೇ ಸೌಮ್ಯ. ಬಿಯೊಕೊವೊ ಥರ ಮೈಮೇಲೆ ಬೀಳುವುದಿಲ್ಲ. ಆಲಿವ್ ತೋಟ, ಸೈಪ್ರೆಸ್ ಮರ, ಹಳ್ಳಿ, ಮತ್ತೆ ತೋಟ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ತುದಿಯ ಹೆಸರು ಪ್ರೊಫಿತಿಸ್ ಇಲಿಯಾಸ್. ಜುಲೈ 20ರ ಹಬ್ಬಕ್ಕೆ ಜನ ರಾತ್ರಿಯೇ ಹತ್ತಿ ಹೋಗಿ ಅಲ್ಲಿ ಧೂಪ ಹಾಕುತ್ತಾರೆ. ನಮ್ಮ ಬೆಟ್ಟದ ಜಾತ್ರೆಗಳ ನೆಂಟನೇ ಸರಿ.

ಇಲ್ಲಿ ಬೆಟ್ಟ ಇರುವುದು ನಡೆಯಲಿಕ್ಕೆ. ಹಳೆಯ ಕಾಲದಲ್ಲಿ ಕತ್ತೆ, ಹೇಸರಗತ್ತೆ ಹೋಗಲು ಕಲ್ಲು ಹಾಸಿದ ದಾರಿಗಳಿವೆ, ಕಾಲ್ದೆರಿಮಿ ಅನ್ನುತ್ತಾರೆ. ಹಳೆಯ ಕಾರ್ದಮಿಲಿಯ ಗೋಪುರ ಮನೆಗಳ ಪಕ್ಕದಿಂದ ಹೊರಟು ಮೇಲಿನ ಅಗಿಯಾ ಸೊಫಿಯಾ ಹಳ್ಳಿಗೆ ಹತ್ತಿ, ಪೆತ್ರೊವುನಿ ಮೇಲೆ ಸುತ್ತಿ ಇಳಿದರೆ ಎರಡು ಮೂರು ಗಂಟೆ. ಹತ್ತು ವರ್ಷದ ಮಕ್ಕಳು ಆರಾಮಾಗಿ ನಡೆಯುತ್ತಾರೆ. ಇನ್ನೂ ಬೇಕೆಂದರೆ ವಿರೊಸ್ ಕಮರಿ ಇದೆ, ಬೇಸಿಗೆಯಲ್ಲಿ ಒಣಗಿದ ಹೊಳೆಯ ಪಾತ್ರದಲ್ಲೇ ನಡೆಯುವುದು. ಬಿಳಿ ಗುಂಡುಕಲ್ಲುಗಳು ಕಾಲಡಿ ಹೊರಳುತ್ತವೆ, ಒಳ್ಳೆಯ ಶೂ ಬೇಕು.

ಈಗ ಬಿಸಿಲಿನ ವಿಷಯ. ಇದನ್ನು ಬುಕಿಂಗ್ ಮಾಡುವಾಗ ಯಾರೂ ನೋಡುವುದಿಲ್ಲ, ಹೋದ ಮೇಲೆ ಎಲ್ಲರೂ ಗೊಣಗುತ್ತಾರೆ.

ಮಕಾರ್ಸ್ಕಾ, ಕಾರ್ದಮಿಲಿ ಎರಡರಲ್ಲೂ ಬೆಟ್ಟ ಪೂರ್ವದ ಕಡೆಗಿದೆ. ಅಂದರೆ ಬೆಳಗ್ಗೆ ಬಿಸಿಲು ತಡವಾಗಿ ಇಳಿಯುತ್ತದೆ, ಒಳ್ಳೆಯ ನಿದ್ದೆ. ಸಂಜೆ ಸೂರ್ಯ ಸಮುದ್ರದ ಕಡೆ ಮುಳುಗುತ್ತಾನೆ, ಒಳ್ಳೆಯ ಫೋಟೋ. ಆದರೆ ಅದೇ ಕಾರಣಕ್ಕೆ ಸಮುದ್ರದ ಕಡೆ ಬಾಲ್ಕನಿ ಇರುವ ರೂಮು ಮಧ್ಯಾಹ್ನ ಮೂರರಿಂದ ಏಳರವರೆಗೆ ಹೆಂಚಿನ ಮೇಲಿನ ದೋಸೆ. ಎಸಿ ಇದೆಯಾ ಎಂದು ಕೇಳಿಕೊಳ್ಳಿ. ಕೊಟೊರ್‌ನಲ್ಲಿ ಎರಡೂ ಕಡೆ ಬೆಟ್ಟ. ಹಳೆಯ ಊರಿಗೆ ಬೆಳಗ್ಗೆ ಬಿಸಿಲು ತಡ, ಸಂಜೆ ಎದುರಿನ ವರ್ಮಾತ್ಸ್ ಬೆಟ್ಟ ಸೂರ್ಯನನ್ನು ಬೇಗ ನುಂಗಿಬಿಡುತ್ತದೆ. ಸಂಜೆ ಬಿಸಿಲು ಬೇಕಾದವರು ದೊಬ್ರೊತಾ ಕಡೆ ರೂಮು ಹಿಡಿಯಿರಿ, ಬೆಳಗಿನ ಬಿಸಿಲಿಗೆ ಕಾಫಿ ಕುಡಿಯುವವರು ಎದುರು ದಡದ ಮುಯೊ ಕಡೆ ಹಿಡಿಯಿರಿ. ನಡುವೆ ನೀರು ಅಷ್ಟೇ, ಆದರೆ ದಿನಚರಿಯೇ ಬೇರೆ.

ಮೆಟ್ಟಿಲಿನ ಪಾಠ ನಾವು ಮಕಾರ್ಸ್ಕಾದಲ್ಲಿ ಕಲಿತೆವು. ಬಾಡಿಗೆ ಮನೆಯವರು "ಬೀಚಿಗೆ 300 ಮೀಟರ್" ಎಂದು ಬರೆದಿದ್ದರು. ಸುಳ್ಳಲ್ಲ. ಆದರೆ ಆ ಮುನ್ನೂರು ಮೀಟರಿನಲ್ಲಿ ಹೆಚ್ಚುಪಾಲು ಏಣಿಯ ಹಾಗೆ ಮೇಲಕ್ಕೆ ಹೋಗುತ್ತಿತ್ತು, ಅದರ ಮೇಲೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮ ದಿನಕ್ಕೊಂದೇ ಸಲ ಇಳಿಯುತ್ತಿದ್ದರು. ಬೆಳಗ್ಗೆ ಇಳಿದರೆ ರಾತ್ರಿ ಊಟ ಮುಗಿಸಿಯೇ ಹತ್ತುವುದು. ನಡುವಿನ ಹೊತ್ತೆಲ್ಲ ಬೀಚಿನ ಪೈನ್ ಮರದ ಕೆಳಗಿನ ಬೆಂಚು. ಬೆಟ್ಟದ ಬುಡದ ಯಾವ ಊರಿಗೇ ಹೋದರೂ ಮ್ಯಾಪಿನಲ್ಲಿ ದೂರ ನೋಡಬೇಡಿ, ಸಮುದ್ರ ಮಟ್ಟದಿಂದ ಎಷ್ಟು ಮೇಲೆ ಎಂದು ಕೇಳಿ.

ನೀರಿಗೆ ಬರೋಣ. ಗೋಕರ್ಣ, ಮುರುಡೇಶ್ವರದ ಮರಳು ನೆನಪಿಟ್ಟುಕೊಂಡು ಬಂದರೆ ಮೂರೂ ಕಡೆ ನಿರಾಸೆ. ಎಲ್ಲ ಬೆಣಚುಕಲ್ಲು. ರಬ್ಬರ್ ಶೂ ಇಲ್ಲದೆ ಇಳಿದರೆ ಪಾದ ಬೇಡಿಕೊಳ್ಳುತ್ತದೆ, ಬಂಡೆ ಪಕ್ಕದಲ್ಲಿ ಮುಳ್ಳಿನ ಕಡಲ ಚೆಂಡುಗಳೂ (ಸೀ ಅರ್ಚಿನ್) ಇರುತ್ತವೆ. ಲಾಭ ಏನೆಂದರೆ ನೀರು ಗಾಜಿನಂತೆ ತಿಳಿ, ತಿಂಡಿಯಲ್ಲಿ ಮರಳಿಲ್ಲ. ಉಬ್ಬರ ಇಳಿತವೂ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಬೆಳಗ್ಗೆ ಹಾಸಿದ ಟವಲ್ ಸಂಜೆಯೂ ಅಲ್ಲೇ ಇರುತ್ತದೆ.

ಮಕ್ಕಳಿಗೆ ಮಕಾರ್ಸ್ಕಾವೇ ಸರಿ. ಬೀಚು ಉದ್ದ, ಹಿಂದೆ ಮರದ ನೆರಳು, ಐಸ್‌ಕ್ರೀಮು ಕೈಗೆಟುಕುವಷ್ಟು ಹತ್ತಿರ. ಪಕ್ಕದ ಬ್ರೆಲಾದ ಪುಂತಾ ರಾತಾ ಇನ್ನೂ ಚಂದ. ಒಸೆಯಾವಾ ಕಾಡಿನ ದಾರಿಯಲ್ಲಿ ನುಗಾಲ್ ಎನ್ನುವ ಬೀಚಿಗೆ ನಡೆದು ಹೋಗಬಹುದು, ದಾರಿ ಬಹಳ ಸೊಗಸು. ಅಲ್ಲಿ ಬಟ್ಟೆ ಹಾಕದೆ ಈಜುವವರ ಸಂಖ್ಯೆ ಜಾಸ್ತಿ ಎಂದು ನಮಗೆ ಹೋದ ಮೇಲೆ ಗೊತ್ತಾಯಿತು. ಅಮ್ಮ ಬಂದಿರಲಿಲ್ಲ, ಪುಣ್ಯ. ಕೊಟೊರ್‌ನಲ್ಲಿ ಬೀಚು ಅನ್ನುವುದು ನೆಪಕ್ಕೆ. ಈಜಲೇಬೇಕೆಂದರೆ ದೊಬ್ರೊತಾದ ಕಲ್ಲಿನ ಕಟ್ಟೆಗಳಿಂದ ಧುಮುಕಿ. ಕಾರ್ದಮಿಲಿಯ ರಿತ್ಸಾ ಬೀಚು ಊರಿನ ಪಕ್ಕದಲ್ಲೇ ಉದ್ದಕ್ಕೆ ಮಲಗಿದೆ. ಅಲೆ ಹಿಂದೆ ಸರಿಯುವಾಗ ಸಾವಿರಾರು ಗುಂಡುಕಲ್ಲು ಒಟ್ಟಿಗೆ ಉರುಳಿ ಒಂದು ಸದ್ದು ಬರುತ್ತದೆ. ದೊಡ್ಡ ಬಾಣಲೆಯಲ್ಲಿ ಕಡಲೆ ಹುರಿಯುವ ಸದ್ದು. ಒಂದು ಸಂಜೆ ಅದನ್ನೇ ಕೇಳುತ್ತಾ ಕೂತಿದ್ದೆವು, ಫೋನು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಮರಳೇ ಬೇಕೆಂದು ಮಕ್ಕಳು ಹಟ ಹಿಡಿದರೆ ಹತ್ತಿರದ ಸ್ತೂಪಾಕ್ಕೆ ಕರೆದುಕೊಂಡು ಹೋಗಿ.

ಸಸ್ಯಾಹಾರಿಗಳಿಗೆ ಕಾರ್ದಮಿಲಿಯ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಎಣ್ಣೆಯಲ್ಲಿ ಬೇಯಿಸಿದ ಬೀನ್ಸ್, ದೊಡ್ಡ ಅವರೆಯಂಥ ಗಿಗಾಂತೆಸ್, ಬದನೆ-ಆಲೂಗಡ್ಡೆಯ ಬ್ರಿಯಾಮ್, ಬೇಯಿಸಿ ನಿಂಬೆ ಹಿಂಡಿದ ಕಾಡುಸೊಪ್ಪು. ಇದು ಟೂರಿಸ್ಟರಿಗೆ ಮಾಡಿದ್ದಲ್ಲ, ಅವರ ಮನೆ ಊಟ. ಒಂದು ಪದ ಕಲಿತು ಹೋಗಿ: ನಿಸ್ತಿಸಿಮೊ. ಅಂದರೆ ಉಪವಾಸದ ಊಟ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಚಿಪ್ಪುಮೀನು, ಸ್ಕ್ವಿಡ್ ಅವರ ಉಪವಾಸಕ್ಕೆ ನಡೆಯುತ್ತದೆ, ಹಾಗಾಗಿ ಇನ್ನೊಮ್ಮೆ ಕೇಳಿ. ಮಾಂಟೆನೆಗ್ರೊದಲ್ಲಿ ಇದೇ ಅರ್ಥಕ್ಕೆ ಪೊಸ್ನೊ ಅನ್ನುತ್ತಾರೆ, ಅದರಲ್ಲಿ ಮೀನೇ ಬರಬಹುದು.

ಕೊಟೊರ್ ಕಡೆ ಬೆಟ್ಟದ ಊಟ ಹುಡುಕಿ. ಕಾಚಮಾಕ್ ಎಂದು ಒಂದಿದೆ. ಮುಸುಕಿನ ಜೋಳದ ಹಿಟ್ಟು, ಆಲೂಗಡ್ಡೆ ಹಾಕಿ ಮರದ ಕೋಲಿನಲ್ಲಿ ತಿರುವಿ ತಿರುವಿ, ಕೊನೆಗೆ ಕೆನೆ, ಚೀಸು ಸೇರಿಸುತ್ತಾರೆ. ಮುದ್ದೆ ಕೋಲು ಹಿಡಿದವರಿಗೆ ಆ ಕೈಚಳಕ ಗುರುತು ಸಿಗುತ್ತದೆ. ಸಾರು ಮಾತ್ರ ಇಲ್ಲ, ಅದೇ ಬೇಜಾರು. ಮಕಾರ್ಸ್ಕಾದಲ್ಲಿ ಮೀನು ತಿನ್ನದವರಿಗೆ ಪಿಜ್ಜಾ, ಪಾಸ್ತಾ, ಸೊಪ್ಪು-ಆಲೂಗಡ್ಡೆಯ ಬ್ಲಿತ್ವಾ. ಹತ್ತಿರದ ದೊಡ್ಡ ಊರು ಸ್ಪ್ಲಿಟ್‌ನಿಂದ ಬರುವ ದಾರಿಯಲ್ಲಿ ಒಮಿಶ್ ಅನ್ನುವ ಊರು ಸಿಗುತ್ತದೆ. ಅಲ್ಲಿ ಸೊಪಾರ್ನಿಕ್ ತಿನ್ನಿ. ಎರಡು ತೆಳು ಹಾಳೆಯ ನಡುವೆ ಬೀಟ್‌ರೂಟ್ ಸೊಪ್ಪಿನ ಜಾತಿಯ ಸೊಪ್ಪು, ಈರುಳ್ಳಿ ತುಂಬಿ, ಮೀಟರ್ ಅಗಲಕ್ಕೆ ಲಟ್ಟಿಸಿ, ಒಲೆಯ ಮೇಲಿಟ್ಟು ಮೇಲಿಂದ ಕೆಂಡ ಮುಚ್ಚಿ ಬೇಯಿಸುತ್ತಾರೆ. ಬೂದಿ ಗುಡಿಸಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸವರಿ, ವಜ್ರದ ಆಕಾರಕ್ಕೆ ಕತ್ತರಿಸಿ ಕಾಗದದಲ್ಲಿ ಕೊಡುತ್ತಾರೆ. ಅಮ್ಮ ಒಂದು ತುಂಡು ಮುರಿದು ಒಳಗೆ ನೋಡಿ, "ಇದು ಸೊಪ್ಪಿನ ಹೋಳಿಗೆ" ಎಂದು ಹೆಸರಿಟ್ಟರು. ಈಗ ನಮ್ಮ ಮನೆಯಲ್ಲಿ ಅದೇ ಹೆಸರು.

ಯಾವ ತಿಂಗಳು? ಜುಲೈ, ಆಗಸ್ಟ್ ಬೇಡ. ಮೂರೂ ಕಡೆ ಸೆಕೆ, ಜನ, ಬೆಲೆ ಎಲ್ಲ ಏರಿರುತ್ತದೆ. ಸೆಪ್ಟೆಂಬರ್ ಚಿನ್ನದಂಥ ತಿಂಗಳು. ಜೂನ್ ಶುರುವಿನಲ್ಲಿ ನಾವು ಮಕಾರ್ಸ್ಕಾಕ್ಕೆ ಹೋದಾಗ ನೀರು ಇನ್ನೂ ತಣ್ಣಗಿತ್ತು. ಕಾರ್ದಮಿಲಿಯಲ್ಲಿ ಅಕ್ಟೋಬರ್ ಕೊನೆಗೂ ಈಜಿದ್ದೇವೆ. ಚಳಿಗಾಲದಲ್ಲಿ ಬಿಯೊಕೊವೊದಿಂದ ಬುರಾ ಎನ್ನುವ ಗಾಳಿ ನುಗ್ಗಿ ಬರುತ್ತದೆ, ಬಾಗಿಲು ತೆಗೆಯಲು ಹೆಗಲು ಕೊಡಬೇಕು. ನವೆಂಬರಿನಲ್ಲಿ ಕೊಟೊರ್‌ಗಂತೂ ಹೋಗಲೇಬೇಡಿ. ಆ ಕೊಲ್ಲಿಯ ಮೇಲಿನ ತ್ಸರ್ಕ್ವಿತ್ಸೆ ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು, ವರ್ಷಕ್ಕೆ 4,600 ಮಿಲಿಮೀಟರ್ ಆಸುಪಾಸು. ಆಗುಂಬೆಗೆ 7,000 ದಾಟುತ್ತದೆ ನಿಜ, ಆದರೆ ನಾವು ಆಗುಂಬೆಗೆ ಬಿಸಿಲು ಕಾಯಿಸಲು ಹೋಗುವುದಿಲ್ಲವಲ್ಲ.

ಹೋಗುವ ದಾರಿ ಸರಳ. ಮಕಾರ್ಸ್ಕಾಕ್ಕೆ ಸ್ಪ್ಲಿಟ್‌ನಿಂದ ಬಸ್ಸುಗಳಿವೆ, ಕಾರಿಲ್ಲದೆಯೂ ನಡೆಯುತ್ತದೆ. ಕೊಟೊರ್‌ಗೆ ತಿವಾತ್ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಕಾರ್ದಮಿಲಿಗೆ ಕಾರು ಬೇಕೇ ಬೇಕು. ಅಥೆನ್ಸ್‌ನಿಂದ ಕಾಲಮಾತಾದವರೆಗೆ ಒಳ್ಳೆಯ ಹೈವೇ, ಆಮೇಲೆ ಮೂವತ್ತೈದು ಕಿಲೋಮೀಟರ್ ಸುತ್ತು ರಸ್ತೆ. ವಾಂತಿ ಮಾಡುವ ಮಕ್ಕಳಿದ್ದರೆ ಮೊದಲೇ ಮಾತ್ರೆ ಕೊಡಿ.

ವೀಸಾ ಮಾತ್ರ ನಿಧಾನವಾಗಿ ಓದಿಕೊಳ್ಳಿ. ಗ್ರೀಸ್ ಷೆಂಗನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗನ್, ಅಂದಿನಿಂದಲೇ ಯೂರೋ ಕೂಡ. ಮಾಂಟೆನೆಗ್ರೊದಲ್ಲಿ ನಡೆಯುವುದು ಯೂರೋ, ಆದರೆ ಅದು ಷೆಂಗನ್ ಅಲ್ಲ. ಚಾಲ್ತಿಯಲ್ಲಿರುವ ಷೆಂಗನ್ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿನವರನ್ನು 30 ದಿನದವರೆಗೆ ಒಳಗೆ ಬಿಡುತ್ತಾರೆ. ತೊಡಕು ಇರುವುದು ಒಳಗೆ ಹೋಗುವುದರಲ್ಲಿ ಅಲ್ಲ, ವಾಪಸ್ ಬರುವುದರಲ್ಲಿ. ಮಕಾರ್ಸ್ಕಾದಿಂದ ಕೊಟೊರ್‌ಗೆ ಹೋದ ಕ್ಷಣ ನೀವು ಷೆಂಗನ್‌ನಿಂದ ಹೊರಬಿದ್ದಿರಿ. ಮತ್ತೆ ಕ್ರೊಯೇಷಿಯಾಕ್ಕೆ ಕಾಲಿಡಲು ಮಲ್ಟಿಪಲ್ ಎಂಟ್ರಿ ಬೇಕು. ಮೊದಲೆಲ್ಲ ಮಕಾರ್ಸ್ಕಾದಿಂದ ಕ್ರೊಯೇಷಿಯಾದ್ದೇ ಊರಾದ ದುಬ್ರೊವ್ನಿಕ್‌ಗೆ ಹೋಗಲೂ ನಡುವೆ ಬೋಸ್ನಿಯಾದ ನೆಉಮ್ ದಾಟಬೇಕಿತ್ತು. 2022ರಲ್ಲಿ ಪೆಲ್ಯೆಶಾತ್ಸ್ ಸೇತುವೆ ಆದ ಮೇಲೆ ಆ ತಲೆನೋವು ತಪ್ಪಿದೆ.

ಅಮ್ಮನ ವೀಸಾ ಮಾಡಿಸಿದ ಏಜೆಂಟ್ ಸಿಂಗಲ್ ಎಂಟ್ರಿಗೆ ಅರ್ಜಿ ಹಾಕಿಬಿಟ್ಟಿದ್ದ. ನಾವು ಅದನ್ನು ಗಮನಿಸಿದ್ದು ಮಕಾರ್ಸ್ಕಾದಲ್ಲಿ, ಕೊಟೊರ್‌ಗೆ ಹೊರಡುವ ಹಿಂದಿನ ರಾತ್ರಿ, ಪಾಸ್‌ಪೋರ್ಟುಗಳನ್ನು ಊಟದ ಮೇಜಿನ ಮೇಲೆ ಜೋಡಿಸುವಾಗ. ಹೋಗಿದ್ದರೆ ಅಮ್ಮ ಗಡಿಯ ಆಚೆಯೇ ಉಳಿಯುತ್ತಿದ್ದರು. ಕೊನೆಗೆ ನಾನು ಮತ್ತು ಮಗಳು ಎರಡು ರಾತ್ರಿಗೆ ಕೊಟೊರ್‌ಗೆ ಹೋದೆವು, ಅಮ್ಮ ಮತ್ತು ನನ್ನ ಹೆಂಡತಿ ಮಕಾರ್ಸ್ಕಾದಲ್ಲೇ ಉಳಿದರು. ಪಾಪ ಎಂದುಕೊಂಡು ಬಂದರೆ ಅಮ್ಮ ಅದೇ ಬೆಂಚಿನ ಮೇಲೆ, ಪಕ್ಕದಲ್ಲಿ ಒಬ್ಬ ಕ್ರೊಯೇಷಿಯಾದ ಅಜ್ಜಿ, ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ನಡುವೆ ಚೆರ್ರಿ ಹಣ್ಣಿನ ಪೊಟ್ಟಣ.

ಮುಂದಿನ ಸೆಪ್ಟೆಂಬರಿಗೆ ಅಮ್ಮ ಮತ್ತೆ ಬರುತ್ತಿದ್ದಾರೆ. ಈ ಸಲ ಅರ್ಜಿಯಲ್ಲಿ ಮಲ್ಟಿಪಲ್ ಎಂದು ನಾನೇ ಟಿಕ್ ಮಾಡಿದ್ದೇನೆ, ಕೊಟೊರ್ ತೋರಿಸಬೇಕೆಂದು. ಅವರು ಆ ಬೆಂಚಿಗೇ ಹೋಗೋಣ ಅನ್ನುತ್ತಿದ್ದಾರೆ. ಸದ್ಯಕ್ಕೆ ನೆಲಮಹಡಿಯ ಮನೆ ಹುಡುಕುತ್ತಿದ್ದೇನೆ.